ವೆನಿಸ್: ನೋಡುವವರಿದ್ದಾರೆ, ಇರುವವರೆಲ್ಲಿ?

(ಕಾಲೇಜೊಂದರ ಇತಿಹಾಸ ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



‘ಒಂದು ದಿನದಲ್ಲಿ ವೆನಿಸ್’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ನಿಮ್ಮ ಸಂಘದವರು ಹೇಳಿದ್ದಾರೆ. ಕೇಳಲು ಹಗುರವಾದ ವಿಷಯ. ಯುರೋಪ್ ಪ್ರವಾಸದ ಯಾವ ಕರಪತ್ರ ಬಿಡಿಸಿ ನೋಡಿದರೂ ವೆನಿಸ್‌ಗೆ ಸಿಗುವುದು ಒಂದೇ ದಿನ. ಬೆಳಿಗ್ಗೆ ಇಳಿಯುವುದು, ಸೇತುವೆ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವುದು, ದೋಣಿ ಹತ್ತುವುದು, ಸಂಜೆಗೆ ಮುಂದಿನ ಊರು. ಆದರೆ ಈ ‘ಒಂದು ದಿನ’ವೇ ಆ ಊರಿಗೆ ಇಂದು ದೊಡ್ಡ ತಲೆನೋವಾಗಿದೆ. 2024ರ ಏಪ್ರಿಲ್ 25ರಂದು ವೆನಿಸ್ ನಗರಸಭೆ, ರಾತ್ರಿ ಉಳಿಯದೆ ಬಂದು ಹೋಗುವ ಪ್ರವಾಸಿಗರ ಮೇಲೆ ಪ್ರವೇಶ ಶುಲ್ಕ ವಿಧಿಸಿತು. ತಲೆಗೆ 5 ಯೂರೊ. ನಮ್ಮ ಲೆಕ್ಕದಲ್ಲಿ ಐನೂರು ರೂಪಾಯಿಯ ಆಸುಪಾಸು.

ಮ್ಯೂಸಿಯಂಗೆ ಟಿಕೆಟ್ ಇರುತ್ತದೆ, ಮೃಗಾಲಯಕ್ಕೆ ಇರುತ್ತದೆ. ಜನ ವಾಸಿಸುವ ಒಂದು ಊರಿಗೆ ಕಾಲಿಡಲು ಟಿಕೆಟ್ ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಆ ಒಂದು ದಿನವನ್ನು ನಾವೂ ಸುತ್ತಬೇಕು. ಬನ್ನಿ, ಬೆಳಿಗ್ಗೆಯಿಂದಲೇ ಶುರು ಮಾಡೋಣ.

ಕೆಸರಿನ ಮೇಲೆ ಕಲ್ಲಿನ ಊರು

ಸಾಂತಾ ಲೂಚಿಯಾ ರೈಲು ನಿಲ್ದಾಣದ ಬಾಗಿಲು ದಾಟಿದರೆ ಎದುರಿಗೆ ರಸ್ತೆ ಇಲ್ಲ. ಕೆಲವು ಮೆಟ್ಟಿಲು, ಅದರಾಚೆ ನೀರು. ಅದೇ ಗ್ರ್ಯಾಂಡ್ ಕೆನಾಲ್, ಊರಿನ ಹೆದ್ದಾರಿ. ಉದ್ದ ಸುಮಾರು 3.8 ಕಿ.ಮೀ. ಊರಿನ ನಡುವೆ ಹಾವಿನಂತೆ ಹೊರಳಿಕೊಂಡು ಹೋಗುತ್ತದೆ. ನಮ್ಮ ಸಿಟಿ ಬಸ್ಸಿನ ಹಾಗೆ ಇಲ್ಲಿ ‘ವಾಪೊರೆತ್ತೊ’ ಎಂಬ ದೋಣಿಗಳಿವೆ. ಒಂದನೇ ನಂಬರಿನ ದೋಣಿ ಹತ್ತಿದರೆ ಕಾಲುವೆಯ ಎರಡೂ ದಡಗಳನ್ನು ಮುಟ್ಟುತ್ತಾ ಸಾಗುತ್ತದೆ. ಈ ಊರಿನೊಳಗೆ ಕಾರಿಲ್ಲ, ಸ್ಕೂಟರಿಲ್ಲ. ಆಂಬುಲೆನ್ಸ್ ದೋಣಿ, ಬೆಂಕಿ ಆರಿಸುವವರದು ದೋಣಿ, ಕಸ ಸಾಗಿಸುವುದು ದೋಣಿ, ಸ್ಮಶಾನವೇ ಒಂದು ದ್ವೀಪವಾದ್ದರಿಂದ ಕೊನೆಯ ಪಯಣವೂ ದೋಣಿಯಲ್ಲೇ. ರೈಲು ಸೇತುವೆ ಬಂದದ್ದು 1846ರಲ್ಲಿ, ವಾಹನಗಳ ಸೇತುವೆ 1933ರಲ್ಲಿ. ಅದಕ್ಕೂ ಮೊದಲು, ಅಂದರೆ ತನ್ನ ಇಡೀ ವೈಭವದ ಕಾಲದಲ್ಲಿ, ವೆನಿಸ್‌ಗೆ ನೆಲದ ದಾರಿಯೇ ಇರಲಿಲ್ಲ.

ಇಂಥ ಜಾಗದಲ್ಲಿ ಊರು ಕಟ್ಟುವ ಹುಚ್ಚು ಯಾರಿಗೆ ಬಂತು? ಹುಚ್ಚಲ್ಲ, ಭಯ. ರೋಮನ್ ಸಾಮ್ರಾಜ್ಯ ಕುಸಿಯುತ್ತಿದ್ದ ಕಾಲ. ಐದನೇ ಶತಮಾನದಲ್ಲಿ ಹೂಣರು, ಆರನೇ ಶತಮಾನದಲ್ಲಿ ಲೊಂಬಾರ್ಡರು ಉತ್ತರ ಇಟಲಿಯ ಮೇಲೆ ಏರಿ ಬಂದರು. ದಡದ ಊರುಗಳ ಜನ ಓಡಿ ಬಂದು ಸಮುದ್ರದ ಹಿನ್ನೀರಿನ ಈ ಜೌಗು ದಿಬ್ಬಗಳಲ್ಲಿ ಅಡಗಿಕೊಂಡರು. ಕುದುರೆ ಸವಾರರು ಈ ಕೆಸರಿಗೆ ಇಳಿಯಲಾರರು, ಹಡಗಿನವರಿಗೆ ಆಳವಿರುವ ದಾರಿ ಯಾವುದೆಂದು ತಿಳಿಯದು. 421ರ ಮಾರ್ಚ್ 25ರಂದು ಊರು ಹುಟ್ಟಿತೆಂಬುದು ಐತಿಹ್ಯ. ಒಂದೇ ದಿನ ಹುಟ್ಟಿದ ಊರಲ್ಲ ಇದು. ನಿರಾಶ್ರಿತರ ಗುಡಿಸಲುಗಳಿಂದ ನಿಧಾನವಾಗಿ ಬೆಳೆದು 118 ಪುಟ್ಟ ದ್ವೀಪಗಳನ್ನೂ ನಾನೂರಕ್ಕೂ ಹೆಚ್ಚು ಸೇತುವೆಗಳನ್ನೂ ಒಳಗೊಂಡ ನಗರವಾಯಿತು.

ಕೆಸರಿನಲ್ಲಿ ಅರಮನೆ ನಿಲ್ಲುವುದು ಹೇಗೆ? ಲಾರ್ಚ್, ಓಕ್ ಮೊದಲಾದ ಮರಗಳ ಗೂಟಗಳನ್ನು ಒತ್ತೊತ್ತಾಗಿ ಕೆಸರಿಗೆ ಬಡಿದರು. ಮರ ಕೊಳೆಯುವುದಿಲ್ಲವೆ ಎಂದು ನೀವು ಕೇಳಬಹುದು. ನೀರು ಮತ್ತು ಗಾಳಿ ಎರಡೂ ಸೇರಿದರೆ ಮರ ಬೇಗ ಕೊಳೆಯುತ್ತದೆ. ಆದರೆ ಕೆಸರಿನಾಳದಲ್ಲಿ ಗಾಳಿಯ ಸುಳಿವಿಲ್ಲ. ಹಾಗಾಗಿ ಗೂಟಗಳು ಶತಮಾನಗಳ ಕಾಲ ಗಟ್ಟಿಯಾಗಿ ಉಳಿದಿವೆ. ಗೂಟಗಳ ಮೇಲೆ ಹಲಗೆ, ಹಲಗೆಯ ಮೇಲೆ ಇಸ್ಟ್ರಿಯಾದಿಂದ ತಂದ, ನೀರು ಹೀರದ ಬಿಳಿಕಲ್ಲು, ಅದರ ಮೇಲೆ ಇಟ್ಟಿಗೆಯ ಗೋಡೆ. ಕಾಲುವೆಯ ತುದಿಯಲ್ಲಿರುವ ಸಾಂತಾ ಮರಿಯಾ ದೆಲ್ಲಾ ಸಲೂತೆ ಚರ್ಚಿನ ಕೆಳಗೆ ಹತ್ತು ಲಕ್ಷಕ್ಕೂ ಮೀರಿದ ಗೂಟಗಳಿವೆ ಎನ್ನುತ್ತಾರೆ. ಒಂದು ಕಾಡನ್ನೇ ತಲೆಕೆಳಗಾಗಿ ನೆಟ್ಟ ಹಾಗೆ!

ಸುತ್ತ ನೀರಿದ್ದರೂ ಕುಡಿಯಲು ಹನಿ ಇಲ್ಲ. ಅದಕ್ಕೂ ಉಪಾಯ ಕಂಡುಕೊಂಡರು. ವೆನಿಸ್‌ನ ಬಯಲುಗಳಿಗೆ ‘ಕಾಂಪೊ’ ಎನ್ನುತ್ತಾರೆ, ಹೊಲ ಎಂದರ್ಥ. ಪ್ರತಿ ಕಾಂಪೊದ ನಡುವೆ ಕೆತ್ತನೆಯ ಕಲ್ಲಿನ ಬಾವಿಕಟ್ಟೆ ಕಾಣುತ್ತದೆ. ಅದು ನೆಲದ ಊಟೆಯ ಬಾವಿಯಲ್ಲ. ಬಯಲನ್ನು ಆಳವಾಗಿ ಅಗೆದು, ಉಪ್ಪುನೀರು ನುಗ್ಗದಂತೆ ಜೇಡಿಮಣ್ಣು ಮೆತ್ತಿ, ಮರಳು ತುಂಬಿ, ನಡುವೆ ಇಟ್ಟಿಗೆಯ ಕೊಳವೆ ಕಟ್ಟುತ್ತಿದ್ದರು. ಬಯಲಿಗೆ ಬಿದ್ದ ಮಳೆ ಕಲ್ಲಿನ ಕಂಡಿಗಳ ಮೂಲಕ ಇಳಿದು, ಮರಳಿನಲ್ಲಿ ಸೋಸಿ, ಕೊಳವೆಗೆ ಸೇರುತ್ತಿತ್ತು. 1884ರಲ್ಲಿ ದಡದಿಂದ ಕೊಳಾಯಿ ನೀರು ಬರುವವರೆಗೂ ವೆನಿಸ್ ಕುಡಿದದ್ದು ಈ ಮಳೆಯನ್ನೇ. ಇಂದು ಮಳೆಕೊಯ್ಲು ಎಂದು ನಾವು ಹೊಸದಾಗಿ ಕಲಿಯುತ್ತಿರುವ ಪಾಠ ಅಲ್ಲಿ ಬೀದಿ ಬೀದಿಯಲ್ಲಿತ್ತು.

ಹಿನ್ನೀರಿಗೆ ಬೀಳುತ್ತಿದ್ದ ನದಿಗಳು ಹೂಳು ತಂದು ಕಾಲುವೆಗಳನ್ನು ಮುಚ್ಚತೊಡಗಿದಾಗ ಬ್ರೆಂತಾ, ಪಿಯಾವೆ, ಸೀಲೆ ನದಿಗಳ ದಿಕ್ಕನ್ನೇ ಬದಲಿಸಿ ನೇರ ಸಮುದ್ರಕ್ಕೆ ಹರಿಸಿದರು. 1501ರಲ್ಲಿ ನೀರಿನ ಉಸ್ತುವಾರಿಗೆಂದೇ ಒಂದು ಅಧಿಕಾರ ಮಂಡಳಿ ಸ್ಥಾಪನೆಯಾಯಿತು. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ವೆನಿಸ್ ಪ್ರಕೃತಿ ಕೊಟ್ಟ ಸೌಂದರ್ಯವಲ್ಲ. ದಿನವೂ ದುರಸ್ತಿ ಮಾಡುತ್ತಾ ಉಳಿಸಿಕೊಂಡ ಊರು. ದುರಸ್ತಿ ಮಾಡುವ ಕೈಗಳು ಅಲ್ಲೇ ವಾಸವಾಗಿದ್ದವು.

ರಿಯಾಲ್ಟೊ: ಮೆಣಸಿನ ಪೇಟೆ

ದೋಣಿ ರಿಯಾಲ್ಟೊ ತಲುಪುತ್ತದೆ. 1588ರಿಂದ 1591ರ ನಡುವೆ ಕಟ್ಟಿದ ಒಂದೇ ಕಮಾನಿನ ಕಲ್ಲಿನ ಸೇತುವೆ ಇದು. 1854ರವರೆಗೆ ಗ್ರ್ಯಾಂಡ್ ಕೆನಾಲ್ ದಾಟಲು ಇದ್ದದ್ದು ಈ ಒಂದೇ ಸೇತುವೆ. ಈಗ ನಾಲ್ಕಿವೆ. ಇಂದು ಇದರ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಪ್ರವಾಸಿಗರು. ಐನೂರು ವರ್ಷಗಳ ಹಿಂದೆಯೂ ಇಲ್ಲಿ ನೂಕುನುಗ್ಗಲೇ. ಆದರೆ ಅದು ವರ್ತಕರದು.

ವೆನಿಸ್‌ಗೆ ಹೊಲವಿಲ್ಲ, ಗಣಿಯಿಲ್ಲ. ಉಪ್ಪು ಮತ್ತು ಮೀನು ಬಿಟ್ಟರೆ ಸ್ವಂತದ್ದು ಏನೂ ಇಲ್ಲ. ಅದು ಬದುಕಿದ್ದು ಇಲ್ಲಿಯದನ್ನು ಅಲ್ಲಿಗೆ ಸಾಗಿಸಿ. ಆ ಸಾಗಾಟದಲ್ಲಿ ಎಲ್ಲಕ್ಕಿಂತ ಲಾಭ ತಂದ ಸರಕು ಯಾವುದು ಗೊತ್ತೆ? ನಮ್ಮ ಪಶ್ಚಿಮ ಘಟ್ಟದ ಕಾಳುಮೆಣಸು. ಮಲಬಾರ್ ಮತ್ತು ಕೆನರಾ ತೀರದಲ್ಲಿ ಹಡಗೇರಿದ ಮೆಣಸು ಅರಬ್ ವರ್ತಕರ ಕೈಯಲ್ಲಿ ಕೆಂಪು ಸಮುದ್ರ ದಾಟಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾ ತಲುಪುತ್ತಿತ್ತು. ಅಲ್ಲಿಂದ ವೆನಿಸ್‌ನ ಹಡಗುಗಳು ಅದನ್ನು ರಿಯಾಲ್ಟೊಗೆ ತರುತ್ತಿದ್ದವು. ಸೇತುವೆಯ ಪಕ್ಕದಲ್ಲೇ ಜರ್ಮನ್ ವರ್ತಕರ ದೊಡ್ಡ ಉಗ್ರಾಣವಿತ್ತು. ಅಲ್ಲಿಂದ ಆಲ್ಪ್ಸ್ ಪರ್ವತ ದಾಟಿ ಉತ್ತರ ಯುರೋಪಿನ ಅಡುಗೆ ಮನೆಗಳಿಗೆ. ನಮ್ಮ ಘಟ್ಟದ ಬಳ್ಳಿಯಿಂದ ಅವರ ಅರಮನೆಯ ಚಿನ್ನದ ಗಿಲೀಟಿನವರೆಗೆ ಇದೊಂದು ನೇರ ಸರಪಣಿ.

1498ರಲ್ಲಿ ವಾಸ್ಕೊ ಡ ಗಾಮ ಕೋಯಿಕ್ಕೋಡಿಗೆ ಬಂದಿಳಿದನೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದರ ಪೆಟ್ಟು ಬಿದ್ದದ್ದು ಎಲ್ಲಿ ಎಂಬುದನ್ನು ಓದಿರುವುದಿಲ್ಲ. ಪೋರ್ಚುಗೀಸರು ಸಮುದ್ರ ಮಾರ್ಗವಾಗಿ ಮೆಣಸು ತಂದ ಸುದ್ದಿ ರಿಯಾಲ್ಟೊ ತಲುಪಿದಾಗ ಜಿರೊಲಾಮೊ ಪ್ರಿಯುಲಿ ಎಂಬ ಲೇವಾದೇವಿಗಾರ ತನ್ನ ದಿನಚರಿಯಲ್ಲಿ, ಸ್ವಾತಂತ್ರ್ಯವನ್ನೇ ಕಳೆದುಕೊಳ್ಳುವುದೊಂದನ್ನು ಬಿಟ್ಟರೆ ಗಣರಾಜ್ಯಕ್ಕೆ ಇದಕ್ಕಿಂತ ಕೆಟ್ಟ ಸುದ್ದಿ ಬರಲಾರದು ಎಂಬರ್ಥದಲ್ಲಿ ಬರೆದುಕೊಂಡ. ಅವನು ಹೆದರಿದಂತೆ ವ್ಯಾಪಾರ ಒಮ್ಮೆಲೇ ಸಾಯಲಿಲ್ಲ. ಹದಿನಾರನೇ ಶತಮಾನದ ಮಧ್ಯದಲ್ಲಿ ಮತ್ತೆ ಚೇತರಿಸಿಕೊಂಡಿತು. ಹದಿನೇಳನೇ ಶತಮಾನದಲ್ಲಿ ಡಚ್ಚರು ಬಂದ ಮೇಲೆ ನಿಜಕ್ಕೂ ಕಳೆಗುಂದಿತು.

ವ್ಯಾಪಾರ ಇದ್ದಲ್ಲಿ ಸುದ್ದಿಗೆ ಬೆಲೆ ಇರುತ್ತದೆ. ಯಾವ ಹಡಗು ಬಂತು, ಯಾವುದು ಮುಳುಗಿತು, ತುರ್ಕರು ಎಲ್ಲಿದ್ದಾರೆ ಎಂಬುದನ್ನು ಹಾಳೆಗಳಲ್ಲಿ ಬರೆದು ಹಂಚುವ ಪದ್ಧತಿ ಇಲ್ಲಿ ಹದಿನಾರನೇ ಶತಮಾನದಲ್ಲಿ ಬೆಳೆಯಿತು. ‘ಗಜೆತ್ತಾ’ ಎಂಬುದು ಅಲ್ಲಿನ ಚಿಲ್ಲರೆ ನಾಣ್ಯ. ಸುದ್ದಿ ಹಾಳೆಗೆ ಆ ಹೆಸರು ಬಂದದ್ದು ಅದರಿಂದಲೇ ಎನ್ನುತ್ತಾರೆ. ನಮ್ಮ ಸರ್ಕಾರಿ ಗೆಜೆಟ್, ನಮ್ಮ ಜಿಲ್ಲಾ ಗೆಜೆಟಿಯರ್, ಗೆಜೆಟೆಡ್ ಅಧಿಕಾರಿ ಎಲ್ಲರೂ ಆ ನಾಣ್ಯದ ಸಂತಾನ. ಪತ್ರಿಕಾ ಕಚೇರಿಯಲ್ಲಿ ದುಡಿಯುವ ನನ್ನಂಥವರಿಗೆ ರಿಯಾಲ್ಟೊ ಒಂದು ರೀತಿಯಲ್ಲಿ ತವರು.

ಸಂತ ಮಾರ್ಕನ ಚೌಕ

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಸೇರುವ ಜಾಗ ಸಾನ್ ಮಾರ್ಕೊ ಚೌಕ. 828ರಲ್ಲಿ ಇಬ್ಬರು ವೆನಿಸ್ ವರ್ತಕರು ಅಲೆಕ್ಸಾಂಡ್ರಿಯಾದಿಂದ ಸಂತ ಮಾರ್ಕನ ದೇಹಾವಶೇಷವನ್ನು ಕದ್ದು ತಂದರಂತೆ. ಸುಂಕದವರು ಮುಟ್ಟಬಾರದೆಂದು ಮೇಲೆ ಹಂದಿ ಮಾಂಸ ಹೊದಿಸಿದ್ದರೆಂದು ಕಥೆ. ಆ ಸಂತನಿಗಾಗಿ ಕಟ್ಟಿದ ಈಗಿನ ಬೆಸಿಲಿಕಾ 1063ರಲ್ಲಿ ಆರಂಭವಾಯಿತು. ಅದರ ಬಾಗಿಲ ಮೇಲೆ ನಿಂತ ನಾಲ್ಕು ಕಂಚಿನ ಕುದುರೆಗಳೂ ಕೊಳ್ಳೆಯ ಮಾಲೇ. 1204ರಲ್ಲಿ ನಾಲ್ಕನೇ ಧರ್ಮಯುದ್ಧದ ಹೆಸರಿನಲ್ಲಿ ಹೊರಟವರು ಜೆರುಸಲೇಮಿಗೆ ಹೋಗದೆ ಕ್ರೈಸ್ತರದೇ ಆದ ಕಾನ್‌ಸ್ಟಾಂಟಿನೋಪಲ್ ನಗರವನ್ನು ಸೂರೆ ಮಾಡಿದರು. ಕುದುರೆಗಳು ಬಂದದ್ದು ಆಗ. 1797ರಲ್ಲಿ ನೆಪೋಲಿಯನ್ ಅವನ್ನು ಪ್ಯಾರಿಸಿಗೆ ಹೊತ್ತೊಯ್ದ, 1815ರಲ್ಲಿ ಮರಳಿದವು. ಈಗ ಹೊರಗೆ ಕಾಣುವುದು ನಕಲು. ಅಸಲು ಒಳಗಿನ ಸಂಗ್ರಹಾಲಯದಲ್ಲಿದೆ.

ಪಕ್ಕದ 98 ಮೀಟರಿಗೂ ಎತ್ತರದ ಗಂಟೆ ಗೋಪುರ 1902ರ ಜುಲೈ 14ರ ಬೆಳಿಗ್ಗೆ ಕುಸಿದು ಬಿತ್ತು. ಇದ್ದಲ್ಲೇ, ಇದ್ದಂತೆಯೇ ಕಟ್ಟಬೇಕೆಂದು ನಗರ ತೀರ್ಮಾನಿಸಿ 1912ರಲ್ಲಿ ಪೂರ್ತಿ ಮಾಡಿತು. ಫೋಟೊದಲ್ಲಿ ಪ್ರಾಚೀನವಾಗಿ ಕಾಣುವ ಗೋಪುರಕ್ಕೆ ನಿಜವಾಗಿ ನೂರು ಚಿಲ್ಲರೆ ವರ್ಷ ವಯಸ್ಸು.

ದೋಜೆಯ ಅರಮನೆಯನ್ನು ಹೊರಗಿನಿಂದ ನೋಡಿ ಮುಂದೆ ಹೋಗುವವರೇ ಹೆಚ್ಚು. ಒಳಗೆ ಹೋಗಬೇಕು. ‘ದೋಜೆ’ ಎಂದರೆ ಗಣರಾಜ್ಯದ ಮುಖ್ಯಸ್ಥ. ಅವನನ್ನು ಆರಿಸುವ ಕ್ರಮ 1268ರಲ್ಲಿ ನಿಗದಿಯಾಯಿತು. ಚೀಟಿ ಎತ್ತಿ 30 ಜನ. ಅವರಲ್ಲಿ ಮತ್ತೆ ಚೀಟಿ ಎತ್ತಿ 9 ಜನ. ಆ 9 ಜನ 40 ಮಂದಿಯನ್ನು ಆರಿಸಬೇಕು. 40 ಚೀಟಿಯಲ್ಲಿ 12 ಆಗಿ, 12 ಜನ 25 ಮಂದಿಯನ್ನು ಆರಿಸಿ, 25 ಮತ್ತೆ 9 ಆಗಿ, 9 ಜನ 45 ಮಂದಿಯನ್ನು ಆರಿಸಿ, 45 ಚೀಟಿಯಲ್ಲಿ 11 ಆಗಿ, 11 ಜನ 41 ಮಂದಿಯನ್ನು ಆರಿಸಿ, ಕೊನೆಗೆ ಆ 41 ಜನ ದೋಜೆಯನ್ನು ಆರಿಸಬೇಕು! ತಲೆ ತಿರುಗುತ್ತದೆ ಅಲ್ಲವೆ? ತಿರುಗಲೆಂದೇ ಹೀಗೆ ಮಾಡಿದ್ದು. ಯಾರಿಗೆ ಲಂಚ ಕೊಡಬೇಕೆಂದೇ ಮೊದಲು ಗೊತ್ತಾಗಬಾರದು. ಚೀಟಿಯ ಬದಲು ಅವರು ಬಳಸುತ್ತಿದ್ದದ್ದು ಪುಟ್ಟ ಗುಂಡುಗಳನ್ನು. ಅವುಗಳ ಹೆಸರು ‘ಬಲ್ಲೊತ್ತಾ’. ನಮ್ಮ ಬ್ಯಾಲೆಟ್ ಪೇಪರಿನ ಮೂಲ ಅದೇ.

ಇದನ್ನು ಪ್ರಜಾಪ್ರಭುತ್ವವೆಂದು ತಿಳಿಯಬೇಡಿ. 1297ರ ನಂತರ ಮಹಾಸಭೆಯ ಬಾಗಿಲು ಕೆಲವು ನೂರು ಶ್ರೀಮಂತ ಮನೆತನಗಳಿಗೆ ಮಾತ್ರ ತೆರೆದಿತ್ತು. ಆದರೆ ಒಬ್ಬನೇ ಆಳಬಾರದೆಂಬ ಹಟ ಬಲವಾಗಿತ್ತು. ಮಹಾಸಭೆಯ ಹಜಾರದಲ್ಲಿ ದೋಜೆಗಳ ಚಿತ್ರಗಳ ಸಾಲಿದೆ. ಒಂದು ಜಾಗದಲ್ಲಿ ಮುಖವಿಲ್ಲ, ಕಪ್ಪು ಪರದೆಯ ಚಿತ್ರವಿದೆ. ಅದು ಮರೀನೊ ಫಾಲಿಯೆರೊನ ಸ್ಥಳ. ದೋಜೆಯಾಗಿದ್ದವನು ದೊರೆಯಾಗಲು ಸಂಚು ಹೂಡಿದನೆಂದು 1355ರಲ್ಲಿ ಅವನ ತಲೆ ಕಡಿದರು. ಗೋಡೆಗಳಲ್ಲಿ ಅಲ್ಲಲ್ಲಿ ದೂರಿನ ಚೀಟಿ ಹಾಕಲು ಕಂಡಿಗಳಿವೆ. ಕೆಲವಕ್ಕೆ ಸಿಂಹದ ಬಾಯಿ ಕೆತ್ತಿದ್ದಾರೆ. ಅಂದರೆ ಈ ಗಣರಾಜ್ಯ ನಿಂತದ್ದು ನಂಬಿಕೆಯ ಮೇಲಷ್ಟೇ ಅಲ್ಲ, ಅನುಮಾನದ ಮೇಲೂ. ಅರಮನೆಯಿಂದ ಸೆರೆಮನೆಗೆ ಹೋಗುವ ಮುಚ್ಚಿದ ಸೇತುವೆಗೆ ‘ನಿಟ್ಟುಸಿರ ಸೇತುವೆ’ ಎಂದು ಹೆಸರು. ಅದರ ಎದುರು ಪ್ರೇಮಿಗಳು ಫೋಟೊ ತೆಗೆಸಿಕೊಳ್ಳುತ್ತಾರೆ. ಪಾಪ, ಆ ನಿಟ್ಟುಸಿರು ಪ್ರೇಮಿಗಳದ್ದಲ್ಲ, ಕೈದಿಗಳದ್ದು.

ಸಾವಿರ ವರ್ಷಕ್ಕೂ ಮೀರಿ ಬಾಳಿದ ಈ ಗಣರಾಜ್ಯ 1797ರ ಮೇ 12ರಂದು ನೆಪೋಲಿಯನ್ನನ ಸೇನೆಯ ಎದುರು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು.

ಜನ ಹೋಗದ ಬೀದಿಗಳು

ಸಾಮಾನ್ಯ ಪ್ರವಾಸಿಯ ದಿನ ಇಲ್ಲಿಗೆ ಮುಗಿಯಿತು. ನಮಗೆ ಇನ್ನೂ ಎರಡು ಗಂಟೆ ಇದೆ. ಚೌಕದಿಂದ ಪೂರ್ವಕ್ಕೆ ನಡೆದರೆ ಆರ್ಸೆನಲ್, ಗಣರಾಜ್ಯದ ಹಡಗು ಕಾರ್ಖಾನೆ. ಹಡಗಿನ ಒಡಲು ಒಂದೊಂದೇ ಕಟ್ಟೆಯ ಮುಂದೆ ಸಾಗಿದಂತೆ ಹಗ್ಗ, ಹುಟ್ಟು, ಆಯುಧ ತುಂಬುತ್ತಿದ್ದರು. ಕಾರು ಕಾರ್ಖಾನೆಗಳ ಕ್ರಮವನ್ನು ಇವರು ನಾಲ್ಕು ಶತಮಾನ ಮೊದಲೇ ಕಂಡುಕೊಂಡಿದ್ದರು. ಈ ಹೆಸರಿನ ಮೂಲ ಅರಬ್ಬಿ ಭಾಷೆಯ ‘ದಾರ್ ಅಸ್ಸಿನಾಅ’, ಕಾರ್ಖಾನೆ ಎಂದರ್ಥ.

ವಾಯವ್ಯದಲ್ಲಿ ಘೆಟ್ಟೊ. 1516ರ ಮಾರ್ಚ್ 29ರಂದು ಯಹೂದಿಗಳೆಲ್ಲ ಈ ಒಂದು ಪುಟ್ಟ ದ್ವೀಪದಲ್ಲೇ ವಾಸಿಸಬೇಕೆಂದು ಸೆನೆಟ್ ಆಜ್ಞೆ ಹೊರಡಿಸಿತು. ರಾತ್ರಿ ಬಾಗಿಲಿಗೆ ಬೀಗ, ಕಾವಲಿಗೆ ದೋಣಿ, ಕಾವಲಿನ ಖರ್ಚೂ ಅವರ ತಲೆಗೇ. ಜಾಗ ಸಾಲದೆ ಮನೆಗಳು ಮೇಲೆ ಮೇಲೆ ಬೆಳೆದವು. ತಗ್ಗು ಚಾವಣಿಯ ಎತ್ತರದ ಆ ಮನೆಗಳು ಇಂದಿಗೂ ಇವೆ. ಲೋಕದ ಎಲ್ಲ ಘೆಟ್ಟೊಗಳಿಗೂ ಹೆಸರು ಹೋದದ್ದು ಈ ದ್ವೀಪದಿಂದ. 1797ರಲ್ಲಿ ಬಾಗಿಲು ಮುರಿದರು. ಆದರೆ 1943 ಮತ್ತು 1944ರಲ್ಲಿ ಇಲ್ಲಿನ ಯಹೂದಿಗಳನ್ನು ಹಿಡಿದು ನಾಜಿ ಶಿಬಿರಗಳಿಗೆ ಸಾಗಿಸಿದರು. ಬಯಲಿನ ಗೋಡೆಯಲ್ಲಿ ಅವರ ನೆನಪಿನ ಕಂಚಿನ ಫಲಕಗಳಿವೆ.

ದೂರದ ಹಿನ್ನೀರಿನಲ್ಲಿ ಇನ್ನೊಂದು ದ್ವೀಪ, ಲಜರೆತ್ತೊ ವೆಕ್ಕಿಯೊ. 1423ರಲ್ಲಿ ಪ್ಲೇಗ್ ರೋಗಿಗಳಿಗಾಗಿ ಅಲ್ಲಿ ಕಾಯಂ ಆಸ್ಪತ್ರೆ ತೆರೆದರು. ಮುಂದೆ, ಸೋಂಕಿನ ಊರಿನಿಂದ ಬಂದ ಹಡಗುಗಳನ್ನು ನಲವತ್ತು ದಿನ ದೂರ ನಿಲ್ಲಿಸುವುದು ರೂಢಿಯಾಯಿತು. ನಲವತ್ತಕ್ಕೆ ಅವರ ನುಡಿಯಲ್ಲಿ ‘ಕ್ವರಾಂತಾ’. 2020ರಲ್ಲಿ ನಮ್ಮ ಹಳ್ಳಿಹಳ್ಳಿಯ ಬಾಯಲ್ಲೂ ಓಡಾಡಿದ ‘ಕ್ವಾರಂಟೈನ್’ ಹುಟ್ಟಿದ್ದು ಹೀಗೆ. 1630ರ ಪ್ಲೇಗ್ ಊರಿನ ಸುಮಾರು ಮೂರನೇ ಒಂದು ಪಾಲು ಜನರನ್ನು ನುಂಗಿತು. ಅದು ನಿಂತರೆ ಚರ್ಚ್ ಕಟ್ಟುತ್ತೇವೆಂದು ಹರಕೆ ಹೊತ್ತು ಕಟ್ಟಿದ್ದೇ ಆ ಹತ್ತು ಲಕ್ಷ ಗೂಟಗಳ ಸಲೂತೆ. ಇಂದಿಗೂ ನವೆಂಬರ್ 21ರಂದು ಊರಿನವರು ಗ್ರ್ಯಾಂಡ್ ಕೆನಾಲಿಗೆ ತಾತ್ಕಾಲಿಕ ಸೇತುವೆ ಹಾಕಿ, ಮೇಣದ ಬತ್ತಿ ಹಿಡಿದು ಹರಕೆ ಸಲ್ಲಿಸಿ ಬರುತ್ತಾರೆ. ಪ್ರವಾಸಿಗರಿಗಾಗಿ ನಡೆಯುವ ಹಬ್ಬವಲ್ಲ ಅದು, ಮನೆಯವರ ಹಬ್ಬ.

ಸಮುದ್ರಕ್ಕೆ ಬಾಗಿಲು

ವೆನಿಸ್ ಮುಳುಗುತ್ತಿದೆ ಎಂದು ನೀವು ಕೇಳಿರಬಹುದು. ನೂರೈವತ್ತು ವರ್ಷಗಳಲ್ಲಿ ನೆಲಕ್ಕೆ ಹೋಲಿಸಿದರೆ ನೀರು ಸುಮಾರು 30 ಸೆಂ.ಮೀ. ಏರಿದೆ. ಒಂದು ಕಡೆ ಸಮುದ್ರ ಏರಿತು. ಇನ್ನೊಂದು ಕಡೆ ಎದುರು ದಡದ ಮಾರ್ಗೇರಾ ಕಾರ್ಖಾನೆಗಳು ಅಂತರ್ಜಲ ಎತ್ತಿದ್ದರಿಂದ ನೆಲ ಕುಸಿಯಿತು. ಆ ಪಂಪುಗಳನ್ನು 1970ರ ದಶಕದಲ್ಲಿ ನಿಲ್ಲಿಸಲಾಯಿತು. 30 ಸೆಂ.ಮೀ. ಎಂದರೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ ತಾನೆ ಎನ್ನಬೇಡಿ. ನೀರು ಹೀರದ ಬಿಳಿಕಲ್ಲಿನ ಎತ್ತರ ದಾಟಿದರೆ ಉಪ್ಪುನೀರು ಇಟ್ಟಿಗೆಗೆ ತಗಲುತ್ತದೆ. ಇಟ್ಟಿಗೆ ಅದನ್ನು ಬತ್ತಿಯಂತೆ ಮೇಲಕ್ಕೆಳೆದು ಒಳಗಿನಿಂದ ಉದುರುತ್ತದೆ.

1966ರ ನವೆಂಬರ್ 4ರಂದು ಉಬ್ಬರ 194 ಸೆಂ.ಮೀ. ಮುಟ್ಟಿತು, 2019ರ ನವೆಂಬರ್ 12ರಂದು 187 ಸೆಂ.ಮೀ. ಇದಕ್ಕೆ ಪರಿಹಾರವಾಗಿ 2003ರಲ್ಲಿ ಆರಂಭವಾದದ್ದು ‘ಮೋಸೆ’ ಯೋಜನೆ. ಹಿನ್ನೀರಿಗೆ ಸಮುದ್ರ ನುಗ್ಗುವ ಮೂರು ಬಾಯಿಗಳಲ್ಲಿ 78 ಉಕ್ಕಿನ ಬಾಗಿಲುಗಳು ತಳದಲ್ಲಿ ಮಲಗಿರುತ್ತವೆ. ಅವುಗಳೊಳಗೆ ತುಂಬಿರುವ ನೀರನ್ನು ಗಾಳಿಯೊತ್ತಿ ಹೊರಹಾಕಿದರೆ ಎದ್ದು ನಿಂತು ಉಬ್ಬರವನ್ನು ತಡೆಯುತ್ತವೆ. ಐನೂರು ಕೋಟಿ ಯೂರೊಗೂ ಹೆಚ್ಚು ಖರ್ಚಾಯಿತು, 2014ರಲ್ಲಿ ಲಂಚದ ಹಗರಣವೂ ಹೊರಬಿತ್ತು. ಅಂತೂ 2020ರ ಅಕ್ಟೋಬರ್ 3ರಂದು ಮೊದಲ ಬಾರಿ ಉಬ್ಬರದ ದಿನ ಬಾಗಿಲು ಎದ್ದವು, ಚೌಕ ಒಣಗಿಯೇ ಇತ್ತು. ಸಮುದ್ರದ ಏರಿಕೆ ಹೀಗೇ ಮುಂದುವರಿದರೆ ಬಾಗಿಲು ಪದೇ ಪದೇ ಮುಚ್ಚಬೇಕಾಗುತ್ತದೆ. ಉಬ್ಬರ ಇಳಿತವೇ ಆ ಹಿನ್ನೀರಿನ ಉಸಿರು. ಆದರೂ ಸದ್ಯಕ್ಕೆ ನೀರಿನಿಂದ ಊರು ಉಳಿದಿದೆ ಎನ್ನೋಣ. ಉಳಿದದ್ದು ಯಾರಿಗಾಗಿ?

ಔಷಧ ಅಂಗಡಿಯ ಕಿಟಕಿ

ಸಂಜೆ ನಿಲ್ದಾಣಕ್ಕೆ ಮರಳುವಾಗ ರಿಯಾಲ್ಟೊ ಪಕ್ಕದ ಸಾನ್ ಬಾರ್ತೊಲೊಮಿಯೊ ಬಯಲಿನಲ್ಲಿ ನಿಲ್ಲಬೇಕು. ಅಲ್ಲೊಂದು ಔಷಧ ಅಂಗಡಿಯ ಕಿಟಕಿಯಲ್ಲಿ 2008ರಲ್ಲಿ ಒಂದು ವಿದ್ಯುತ್ ಫಲಕ ಹಾಕಿದರು. ಬೆಲೆ ಪಟ್ಟಿಯಲ್ಲ, ಉಷ್ಣಾಂಶವಲ್ಲ. ಹಳೆಯ ನಗರದಲ್ಲಿ ಉಳಿದಿರುವ ನಿವಾಸಿಗಳ ಸಂಖ್ಯೆ.

1951ರಲ್ಲಿ ಈ ದ್ವೀಪನಗರದಲ್ಲಿ ಸುಮಾರು 1 ಲಕ್ಷ 75 ಸಾವಿರ ಜನ ವಾಸವಿದ್ದರು. 2022ರಲ್ಲಿ ಆ ಸಂಖ್ಯೆ 50 ಸಾವಿರಕ್ಕಿಂತ ಕೆಳಗಿಳಿಯಿತು. 2023ರಲ್ಲಿ ನಿವಾಸಿಗಳಿಗಿಂತ ಪ್ರವಾಸಿಗರ ಹಾಸಿಗೆಗಳ ಸಂಖ್ಯೆ ಹೆಚ್ಚಾಯಿತು. ವರ್ಷಕ್ಕೆ ಬಂದು ಹೋಗುವವರು ಅಂದಾಜು 2 ಕೋಟಿಗೂ ಹೆಚ್ಚು.

ಮೊದಮೊದಲು ಜನ ಹೋದದ್ದು ಒದ್ದೆ ಗೋಡೆಯ ಹಳೆಯ ಮನೆ ಬೇಡವೆಂದು, ಎದುರು ದಡದ ಮೆಸ್ತ್ರೆಯಲ್ಲಿ ಲಿಫ್ಟು, ಕಾರು, ಕೆಲಸ ಇದೆಯೆಂದು. ಈಗಿನ ಕಾರಣ ಬೇರೆ. ಮನೆಯನ್ನು ಒಂದು ಕುಟುಂಬಕ್ಕೆ ತಿಂಗಳ ಬಾಡಿಗೆಗೆ ಕೊಡುವುದಕ್ಕಿಂತ ಪ್ರವಾಸಿಗೆ ದಿನದ ಬಾಡಿಗೆಗೆ ಕೊಟ್ಟರೆ ಲಾಭ ಹೆಚ್ಚು. ಕುಟುಂಬ ಹೋದರೆ ಶಾಲೆಗೆ ಮಕ್ಕಳಿಲ್ಲ. ತರಕಾರಿ ಅಂಗಡಿ, ಚಪ್ಪಲಿ ಹೊಲಿಯುವವನ ಅಂಗಡಿ ಮುಚ್ಚಿ ಅಲ್ಲಿ ಮುಖವಾಡ ಮಾರುವವನು ಬರುತ್ತಾನೆ. ಅಂಗಡಿ ಮುಚ್ಚಿದ್ದಕ್ಕೆ ಇನ್ನೊಂದು ಕುಟುಂಬ ಹೊರಡುತ್ತದೆ. ಇದು ಒಂದಕ್ಕೊಂದು ಕೊಂಡಿ.

ಅತಿಥಿಗಳು ವೆನಿಸ್‌ಗೆ ಹೊಸಬರಲ್ಲ. ಮಧ್ಯಯುಗದಲ್ಲಿ ಜೆರುಸಲೇಮಿನ ಯಾತ್ರಿಕರು ಇಲ್ಲೇ ಹಡಗು ಹತ್ತುತ್ತಿದ್ದರು. ಹದಿನೆಂಟನೇ ಶತಮಾನದ ಇಂಗ್ಲಿಷ್ ಸಿರಿವಂತರಿಗೆ ಕನಲೆಟ್ಟೊ ಎಂಬ ಚಿತ್ರಕಾರ ಊರಿನ ನೋಟಗಳನ್ನು ಬರೆದು ಮಾರುತ್ತಿದ್ದ. ಆಗ ಪ್ರವಾಸ ಊರಿನ ಕಸುಬುಗಳಲ್ಲಿ ಒಂದಾಗಿತ್ತು. ಈಗ ಉಳಿದೆಲ್ಲ ಕಸುಬುಗಳ ಜಾಗವನ್ನೂ ಅದೇ ಹಿಡಿಯುತ್ತಿದೆ.

ನಗರಸಭೆ ಸುಮ್ಮನೆ ಕುಳಿತಿಲ್ಲ. 2021ರ ಆಗಸ್ಟಿನಿಂದ ದೊಡ್ಡ ಪ್ರವಾಸಿ ಹಡಗುಗಳು ಸಾನ್ ಮಾರ್ಕೊ ಎದುರು ಹಾಯುವುದನ್ನು ಸರ್ಕಾರ ನಿಷೇಧಿಸಿತು. 2024ರಲ್ಲಿ 29 ದಿನ ಪ್ರವೇಶ ಶುಲ್ಕ ಪಡೆದರು. ಸುಮಾರು 4 ಲಕ್ಷ 85 ಸಾವಿರ ಜನ ಕಟ್ಟಿದರು, 24 ಲಕ್ಷ ಯೂರೊ ಬಂತು. 2025ರಲ್ಲಿ 54 ದಿನಗಳಿಗೆ ವಿಸ್ತರಿಸಿ, ತಡವಾಗಿ ಕಾಯ್ದಿರಿಸಿದವರಿಗೆ 10 ಯೂರೊ ಎಂದರು. ಹಣ ಬಂತು ನಿಜ, ಜನ ಕಡಿಮೆಯಾದರೆ? ಆಗಲಿಲ್ಲವೆಂದು ಟೀಕಾಕಾರರ ವಾದ. ಕೆಲವು ನಿವಾಸಿಗಳಿಗೆ ಶುಲ್ಕವೇ ಅವಮಾನ. ನಮ್ಮ ಊರು ಸಂಗ್ರಹಾಲಯವೆಂದು ನೀವೇ ಮುದ್ರೆ ಒತ್ತಿದಿರಿ ಎಂದು ಅವರು ಮೊದಲ ದಿನವೇ ಬೀದಿಗಿಳಿದು ಪ್ರತಿಭಟಿಸಿದರು. ನನಗೆ ಅವರ ಮಾತಿನಲ್ಲಿ ಹುರುಳಿದೆ ಎನಿಸುತ್ತದೆ. ಐದು ಯೂರೊ ಬರುವವನನ್ನು ತಡೆಯದು, ಹೋಗುವವನನ್ನು ಉಳಿಸದು. ಊರು ಉಳಿಯುವ ಪ್ರಶ್ನೆ ಇರುವುದು ಟಿಕೆಟ್ ಕಿಟಕಿಯಲ್ಲಲ್ಲ, ಬಾಡಿಗೆ ಮನೆಯಲ್ಲಿ.

ಇಬ್ಬರು ವೆನಿಸಿಗರು ಕಂಡ ವಿಜಯನಗರ

ಇತಿಹಾಸದ ವಿದ್ಯಾರ್ಥಿಗಳಾದ ನಿಮಗೆ ಇನ್ನೊಂದು ಸಂಗತಿ ಹೇಳಬೇಕು. ನಾವು ವೆನಿಸ್ ನೋಡಲು ಹೋಗುವುದಕ್ಕೆ ಆರು ಶತಮಾನ ಮೊದಲೇ ಅವರು ನಮ್ಮಲ್ಲಿಗೆ ಬಂದಿದ್ದರು. ವೆನಿಸ್ ಹಿನ್ನೀರಿನ ಕಿಯೊಜ್ಜಾ ಊರಿನ ನಿಕೊಲೊ ಕೊಂಟಿ ಎಂಬ ವರ್ತಕ ಸುಮಾರು 1420ರಲ್ಲಿ ವಿಜಯನಗರಕ್ಕೆ ಬಂದ. ಬೆಟ್ಟಗಳಿಗೆ ಆತುಕೊಂಡ ಕೋಟೆ, ಅರವತ್ತು ಮೈಲಿ ಸುತ್ತಳತೆಯ ನಗರ, ದೇವಾಲಯಗಳಲ್ಲಿ ಎಣ್ಣೆ ದೀಪ ಹಚ್ಚುವ ಹಬ್ಬ, ಬೀದಿಯಲ್ಲಿ ಬಣ್ಣದ ನೀರು ಎರಚುವ ಹಬ್ಬ ಎಲ್ಲವನ್ನೂ ಕಂಡ. ಊರಿಗೆ ಮರಳಿದ ಮೇಲೆ ಪೋಪರ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲಿನಿ ಅವನ ಬಾಯಿಂದ ಕೇಳಿ ಲ್ಯಾಟಿನ್ನಿನಲ್ಲಿ ಬರೆದಿಟ್ಟ.

ಎರಡನೆಯವನು ಚೆಸಾರೆ ಫೆದೆರಿಚಿ, ಅವನೂ ವೆನಿಸ್‌ನ ವರ್ತಕ. ಅವನು ಬಂದದ್ದು 1567ರಲ್ಲಿ, ರಕ್ಕಸತಂಗಡಿ ಯುದ್ಧ ಮುಗಿದ ಎರಡು ವರ್ಷಕ್ಕೆ. ನಗರ ಪೂರ್ತಿ ನೆಲಸಮವಾಗಿಲ್ಲ, ಮನೆಗಳು ನಿಂತೇ ಇವೆ, ಆದರೆ ಬರಿದಾಗಿವೆ. ಅವುಗಳಲ್ಲಿ ಹುಲಿ ಮೊದಲಾದ ಕಾಡು ಮೃಗಗಳಿವೆ ಎಂದು ಜನ ಹೇಳುತ್ತಾರೆ ಎಂಬರ್ಥದಲ್ಲಿ ಅವನು ದಾಖಲಿಸಿದ್ದಾನೆ. ರಾಬರ್ಟ್ ಸೆವೆಲ್ 1900ರಲ್ಲಿ ವಿಜಯನಗರದ ಚರಿತ್ರೆ ಬರೆದಾಗ ಈ ಇಬ್ಬರ ಮಾತನ್ನೂ ಬಳಸಿಕೊಂಡ.

ಒಬ್ಬ ವೆನಿಸಿಗ ಜನ ತುಂಬಿದ ನಗರ ಕಂಡ. ಇನ್ನೊಬ್ಬ ವೆನಿಸಿಗ ಅದೇ ಗೋಡೆಗಳನ್ನು ಜನರಿಲ್ಲದೆ ಕಂಡ. ಕಲ್ಲಿಗೂ ಊರಿಗೂ ಇರುವ ವ್ಯತ್ಯಾಸವನ್ನು ನಮ್ಮ ನೆಲದಲ್ಲಿ ನಿಂತು ಬರೆದವನು ಅವರ ಊರಿನವನೇ. ಹಂಪಿ 1986ರಲ್ಲಿ, ವೆನಿಸ್ 1987ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರನ್ನು ಸ್ಮಾರಕ ರಕ್ಷಣೆಗಾಗಿ ತೆರವು ಮಾಡಲಾಯಿತು. ಅಲ್ಲಿ ಆಜ್ಞೆಯಿಂದ ಆದದ್ದು ವೆನಿಸ್‌ನಲ್ಲಿ ಬಾಡಿಗೆಯಿಂದ ಆಗುತ್ತಿದೆ. ಸ್ಮಾರಕ ಉಳಿಸುವವರು ಎರಡೂ ಕಡೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಅಲ್ಲಿ ದೀಪ ಹಚ್ಚುವವರು ಯಾರು?

ಹಾಗಾದರೆ ವೆನಿಸ್‌ಗೆ ಹೋಗಲೇಬಾರದೆ ಎಂದು ನೀವು ಕೇಳುತ್ತೀರಿ. ಹೋಗಿ, ಖಂಡಿತ ಹೋಗಿ. ನಿಮ್ಮಲ್ಲಿ ಕೆಲವರು ಮುಂದೆ ಓದಲು, ದುಡಿಯಲು ಯುರೋಪಿಗೆ ಹೋಗುವವರೇ. ಹೋದಾಗ ಒಂದು ದಿನ ಅನ್ನುವುದನ್ನು ಎರಡು ರಾತ್ರಿ ಮಾಡಿಕೊಳ್ಳಿ. ಉಳಿಯುವಾಗ ಕುಟುಂಬವೊಂದು ಇರಬಹುದಾಗಿದ್ದ ಮನೆಯನ್ನು ಬಿಟ್ಟು ಹೋಟೆಲನ್ನು ಆರಿಸಿ. ಗೊಂಡೊಲಾ ಸವಾರಿಯ ಸರ್ಕಾರಿ ದರ 2023ರಲ್ಲಿ ಅರ್ಧ ಗಂಟೆಗೆ 90 ಯೂರೊ ಆಯಿತು. ಅಷ್ಟು ದುಡ್ಡಿಲ್ಲದಿದ್ದರೆ ಚಿಂತೆಯಿಲ್ಲ, ಸೇತುವೆ ಇಲ್ಲದ ಕಡೆ ಕಾಲುವೆ ದಾಟಿಸುವ ಕಡವಿನ ಗೊಂಡೊಲಾ ಇದೆ. ಊರಿನವರೂ ಅದರಲ್ಲೇ ದಾಟುತ್ತಾರೆ. ಸಂಜೆ ದಿನದ ಪ್ರವಾಸಿಗರೆಲ್ಲ ರೈಲು ಹತ್ತಿದ ಮೇಲೆ ಯಾವುದಾದರೂ ಕಾಂಪೊದ ಬಾವಿಕಟ್ಟೆಯ ಪಕ್ಕ ಕುಳಿತು ನೋಡಿ. ಮಕ್ಕಳು ಚೆಂಡು ಒದೆಯುತ್ತಿದ್ದರೆ, ಮೇಲಿನ ಕಿಟಕಿಯಿಂದ ತಾಯಿಯೊಬ್ಬಳು ಊಟಕ್ಕೆ ಕರೆಯುತ್ತಿದ್ದರೆ, ಆ ಬೀದಿ ಇನ್ನೂ ಊರಾಗಿದೆ ಎಂದು ತಿಳಿಯಿರಿ. ಊಟಕ್ಕೆ ಕರೆಯುವವರಿಲ್ಲದ ಬೀದಿಗಳೂ ಸಿಗುತ್ತವೆ. ಎರಡನ್ನೂ ನೋಡಿ ಬಂದು ನಮಗೆ ಹೇಳಿ.